ಮಸೆಗಲ್ಲಿಗೂ ಒಂದು ಪರೀಕ್ಷೆ ಬೇಡವೇ?

ಬೆಳಿಗ್ಗೆ ಒಂಬತ್ತೂವರೆ. ಶಿವಮೊಗ್ಗದ ಬಸ್ ನಿಲ್ದಾಣದ ಹೊರಗೆ ಎಳನೀರಿನ ಗಾಡಿ. ತೀರ್ಥಹಳ್ಳಿ ಬಸ್ಸಿಗೆ ಕಾದವರು, ಸಾಗರದಿಂದ ಇಳಿದವರು, ಆಸ್ಪತ್ರೆಗೆ ಹೊರಟವರು ಸುತ್ತ ನಿಂತಿದ್ದಾರೆ. ಗಾಡಿಯ ಯಜಮಾನರು ಮಚ್ಚು ಎತ್ತಿ ಒಂದೇಟು ಹಾಕಿದರು. ಜಾರಿತು. ಇನ್ನೊಂದು ಏಟು. ಸಿಪ್ಪೆ ಹರಿಯಿತೇ ಹೊರತು ಕಾಯಿ ತೆರೆಯಲಿಲ್ಲ. ಮೂರನೇ ಏಟಿಗೆ ಅರ್ಧ ನೀರು ನೆಲದ ಪಾಲು!

ಆಗ ನೋಡಿದೆ, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ.

"ಏನಾಯ್ತು ಯಜಮಾನ್ರೇ ಕೈಗೆ?"

"ಮಚ್ಚು ಮೊಂಡಾಗಿತ್ತು ಸಾರ್. ಹರಿತ ಇದ್ದಿದ್ರೆ ಕಾಯಿಗೆ ಹೋಗ್ತಿತ್ತು. ಮೊಂಡಾಗಿದ್ದಕ್ಕೆ ಕೈಗೆ ಬಂತು."

"ಮಸೆದಿರಲಿಲ್ವಾ?"

"ದಿನಾ ಮಸೀತೀನಿ ಸಾರ್. ಹೊಸಾ ಕಲ್ಲು ಬೇರೆ, ನೂರೈವತ್ತು ಕೊಟ್ಟೆ. ಎಷ್ಟು ತಿಕ್ಕಿದ್ರೂ ಹೊಳಪು ಬರ್ತದೆ, ಹರಿತ ಬರಲ್ಲ!"

ಗೋಣಿಚೀಲದ ಕೆಳಗಿಂದ ಕಲ್ಲು ತೆಗೆದು ತೋರಿಸಿದರು. ಕಪ್ಪಗೆ, ನುಣ್ಣಗೆ, ನೋಡಲು ಲಕ್ಷಣವಾಗಿದೆ. ಗಾಡಿಗೆ ಹೊಡೆದಿದ್ದ ಸಡಿಲ ಮೊಳೆಯೊಂದನ್ನು ಕಿತ್ತು ಕಲ್ಲಿನ ಮೇಲೆ ಗೀಚಿದೆ. ಬೆಳ್ಳಗೆ ಗೆರೆ ಬಿತ್ತು, ಪುಡಿಯೂ ಎದ್ದಿತು. ಪಕ್ಕದಲ್ಲೇ ನಿಂಬೆ ಸೋಡಾದ ಗಾಡಿ. ಹಿಂಡಿ ಬಿಸಾಕಿದ ನಿಂಬೆ ಹೋಳೊಂದನ್ನು ತಂದು ಆ ಪುಡಿಯ ಮೇಲೆ ಎರಡು ತೊಟ್ಟು ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದವು. ಸುತ್ತ ನಿಂತವರಿಗೆ ಮ್ಯಾಜಿಕ್ ನೋಡಿದ ಹಾಗಾಯಿತು.

ಮ್ಯಾಜಿಕ್ಕೂ ಇಲ್ಲ, ಮಂತ್ರವೂ ಇಲ್ಲ. ಅದು ಕಡಪ ಕಲ್ಲಿನ ತುಂಡು. ಅಡುಗೆಮನೆಯ ಕಟ್ಟೆಗೆ, ಅಂಗಡಿಯ ಬೀರುವಿನ ಅರೆಗಳಿಗೆ ಹಾಕುವ ಅದೇ ಸುಣ್ಣದ ಕಲ್ಲು. ಕುಯ್ದು, ಅಂಚು ತೀಡಿ, ಮಸೆಗಲ್ಲು ಅಂತ ಮಾರಿದ್ದಾರೆ. ಉಕ್ಕಿಗಿಂತ ಮೆತ್ತಗಿನ ಕಲ್ಲು ಉಕ್ಕನ್ನು ಹೇಗೆ ತಿಂದೀತು ಸ್ವಾಮಿ? ಕಲ್ಲೇ ಸವೆಯುತ್ತದೆ, ಮಚ್ಚು ನಗುತ್ತದೆ!

ನೂರೈವತ್ತು ರೂಪಾಯಿ ದೊಡ್ಡದಲ್ಲ ಎನ್ನುವವರಿದ್ದಾರೆ. ಹೆಬ್ಬೆರಳು ದೊಡ್ಡದಲ್ಲವೇ? ಚಿನ್ನ ಕೊಳ್ಳುವಾಗ ಒರೆಗಲ್ಲಿಗೆ ಹಚ್ಚಿ ನೋಡುತ್ತೇವೆ. ಕುಂಬಳಕಾಯಿ ಕೊಳ್ಳುವಾಗ ಬಡಿದು ನೋಡುತ್ತೇವೆ. ಹತ್ತಿಪ್ಪತ್ತು ವರ್ಷ ಬಾಳಿಕೆ ಬರಬೇಕಾದ ಮಸೆಗಲ್ಲನ್ನು ಮಾತ್ರ ಅಂಗಡಿಯವರು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೇವೆ. ಅದಕ್ಕೇ ಇಂದಿನ ಈ ಬರಹ.

ಸಾಣೆಕಲ್ಲು ಕೇಳಿದರೆ ಗಂಧದ ಕಲ್ಲು!

ಮೊದಲ ತೊಡಕು ಹೆಸರಿನದು. ಗ್ರಂಧಿಗೆ ಅಂಗಡಿಗೆ ಹೋಗಿ 'ಸಾಣೆಕಲ್ಲು ಕೊಡಿ' ಎಂದರೆ ದೇವರ ಪೂಜೆಗೆ ಗಂಧ ತೇಯುವ ದುಂಡನೆಯ ಕಲ್ಲು ಕೈಗೆ ಬರುತ್ತದೆ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅದೇ ಮಾತು ಹೇಳಿದರೆ ಕಾರ್ಖಾನೆಯಲ್ಲಿ ಮಾಡಿದ ಬೂದು ಬಣ್ಣದ ಕಾರ್ಬೊರಂಡಂ ಕಲ್ಲು ಕೊಡುತ್ತಾರೆ. ಸಂತೆಯಲ್ಲಿ ಕೇಳಿದರೆ ಹಾಸಿದ ಗೋಣಿಯ ಮೇಲಿನ ಹತ್ತು ಬಗೆಯ ಕಲ್ಲುಗಳಲ್ಲಿ ಒಂದನ್ನು ಎತ್ತಿ, 'ಇದೇ ಬೆಸ್ಟು' ಎನ್ನುತ್ತಾರೆ. ಹಳ್ಳಿ ಕಡೆಯವರು ಮಸೆಗಲ್ಲು ಎಂದೇ ಹೇಳುತ್ತಾರೆ. ಆ ಮಾತೇ ಸರಿಯಾದದ್ದು, ಗೊಂದಲವಿಲ್ಲದ್ದು.

ಕಾರ್ಬೊರಂಡಂ ಕಲ್ಲನ್ನು ನಾನು ಹಳಿಯುವುದಿಲ್ಲ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಜೇಡಿಮಣ್ಣು, ಇದ್ದಿಲು ಕಾಸುವಾಗ ಸಿಕ್ಕಿದ ವಸ್ತು ಅದು. ಉಕ್ಕಿಗಿಂತ ಎಷ್ಟೋ ಗಟ್ಟಿ, ಬೇಗ ತಿನ್ನುತ್ತದೆ, ಬೆಲೆಯೂ ಕಡಿಮೆ. ಮಾಡಿದ ಕಲ್ಲು ಅಂತ ಹೇಳಿಯೇ ಮಾರುತ್ತಾರಾದ್ದರಿಂದ ಅದರಲ್ಲಿ ಮೋಸವೂ ಇಲ್ಲ. ಮೋಸ ಇರುವುದು 'ಅಸಲಿ ಬೆಟ್ಟದ ಕಲ್ಲು' ಎಂದು ಹೇಳುವ ಕಡೆ. ಅಸಲಿ ಕಲ್ಲು ಒಳ್ಳೆಯದಿದ್ದರೆ ಅದರ ಹರಿತದ ನಯವೇ ಬೇರೆ, ಬಾಳಿಕೆಯೂ ಬೇರೆ. ತಾತನ ಕಾಲದ ಕಲ್ಲಿನಲ್ಲಿ ಮೊಮ್ಮಗ ಮಸೆಯುವ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಆದರೆ 'ಅಸಲಿ' ಎಂಬ ಮಾತೊಂದೇ ಸಾಲದು. ಕಡಪ ಕಲ್ಲೂ ಅಸಲಿಯೇ, ಬೆಟ್ಟದಿಂದಲೇ ಬಂದದ್ದು!

ಕಲ್ಲು ಕಬ್ಬಿಣ ತಿನ್ನುವ ಬಗೆ

ಮಸೆಯುವುದೆಂದರೆ ಏನು? ಕಲ್ಲಿನೊಳಗಿನ ಗಟ್ಟಿ ಕಣಗಳು ಅಲಗಿನ ಉಕ್ಕನ್ನು ಅಷ್ಟಷ್ಟೇ ಕೆರೆದು ತೆಗೆಯುವುದು. ಆದ್ದರಿಂದ ಕಣ ಉಕ್ಕಿಗಿಂತ ಗಟ್ಟಿಯಿರಬೇಕು. ಕಲ್ಲುಗಳ ಗಟ್ಟಿತನಕ್ಕೆ ಒಂದರಿಂದ ಹತ್ತರವರೆಗಿನ ಒಂದು ಲೆಕ್ಕವಿದೆ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಪಂಡಿತ ಮಾಡಿದ್ದು. ಅದರಲ್ಲಿ ಬಳಪದ ಕಲ್ಲಿಗೆ 1. ನಮ್ಮ ಉಗುರಿಗೆ ಸುಮಾರು ಎರಡೂವರೆ. ಸುಣ್ಣದ ಕಲ್ಲಿಗೆ, ಅಮೃತಶಿಲೆಗೆ 3. ಚಾಕುವಿನ ಉಕ್ಕಿಗೆ ಐದೂವರೆಯಿಂದ ಆರೂವರೆ. ನಮ್ಮ ಹೊಲಗದ್ದೆಗಳಲ್ಲಿ ಬಿದ್ದಿರುವ ಬಿಳಿ ಬೆಣಚುಕಲ್ಲಿಗೆ 7. ವಜ್ರಕ್ಕೆ 10.

ಇಷ್ಟು ಗೊತ್ತಾದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಬೆಣಚಿನ ಕಣ ಇರುವ ಕಲ್ಲು ಉಕ್ಕನ್ನು ತಿನ್ನುತ್ತದೆ. ಸುಣ್ಣದ ಕಲ್ಲು ತಿನ್ನುವುದಿಲ್ಲ. ಕಡಪ ಆಗಲಿ, ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಾಗಲಿ ಸುಣ್ಣದ ಜಾತಿಯವು. ಬೇಲೂರು, ಹಳೇಬೀಡಿನ ಶಿಲ್ಪಗಳ ಬಳಪದ ಕಲ್ಲು ಉಳಿಗೆ ಬೆಣ್ಣೆಯಂತೆ ಬಗ್ಗಿದ್ದರಿಂದಲೇ ಅಷ್ಟು ನಾಜೂಕು ಕೆತ್ತನೆ ಸಾಧ್ಯವಾಯಿತು. ಶಿಲ್ಪಿಗೆ ವರವಾದದ್ದು ಮಸೆಯುವವನಿಗೆ ಶಾಪ.

ಹಾಗಾದರೆ ಗಟ್ಟಿಯಾದ ಕಪ್ಪು ಕರಿಕಲ್ಲು, ಮನೆ ಮೆಟ್ಟಿಲಿನ ಗ್ರಾನೈಟು? ಗಟ್ಟಿಯೇನೋ ಹೌದು. ಆದರೆ ಗ್ರಾನೈಟಿನಲ್ಲಿ ದಪ್ಪ ದಪ್ಪ ಹರಳು, ಒಂದೊಂದು ಒಂದೊಂದು ಜಾತಿ. ಗಟ್ಟಿ ಹರಳಿನ ಪಕ್ಕ ಪದರ ಪದರದ ಕಾಗೆಬಂಗಾರ. ಅಂಥ ಕಲ್ಲಿನ ಮೇಲೆ ಗುದ್ದಲಿ, ಹಾರೆ ಸರಿಮಾಡಬಹುದು. ತರಕಾರಿ ಚಾಕು ಎಳೆದರೆ ಅಂಚು ಗರಗಸವಾಗುತ್ತದೆ. ಜಂಬಿಟ್ಟಿಗೆಯ ಮಾತೇ ಬೇಡ, ಮೈತುಂಬ ತೂತು.

ಒಳ್ಳೆಯ ಮಸೆಗಲ್ಲುಗಳು ಮುಖ್ಯವಾಗಿ ಎರಡು ಕುಲದವು. ಒಂದು ಮರಳುಗಲ್ಲು. ಬೆಣಚಿನ ಸಣ್ಣ ಮರಳು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದದ್ದು. ಬಾದಾಮಿಯ ಗುಹಾಲಯಗಳನ್ನು ಕೊರೆದದ್ದು ಇದೇ ಜಾತಿಯ ಕಲ್ಲಿನಲ್ಲಿ. ಕಣ ಒಂದೇ ಸಮ ಇರುವ ಮರಳುಗಲ್ಲು ಮಚ್ಚು, ಕುಡುಗೋಲು, ಕೊಡಲಿಗೆ ಹೇಳಿ ಮಾಡಿಸಿದ್ದು. ಇನ್ನೊಂದು, ಅತಿ ನುಣ್ಣನೆಯ ಕಣದ ಪದರಗಲ್ಲು. ಸ್ಲೇಟಿನ ಬಳಗದ್ದು. ಇದು ನಿಧಾನ, ಆದರೆ ನಯ. ಚಾಕು, ಕತ್ತರಿ, ಹಿಂದೆ ಕ್ಷೌರದ ಕತ್ತಿ ಇವಕ್ಕೆಲ್ಲ ಕೊನೆಯ ಹರಿತ ಕೊಡುತ್ತಿದ್ದದ್ದು ಈ ಕುಲ. ಆದರೆ ಎಲ್ಲ ಸ್ಲೇಟೂ ಮಸೆಗಲ್ಲಲ್ಲ. ಬೆಣಚಿನ ಅಂಶ ಕಡಿಮೆಯಿದ್ದರೆ ಬರೀ ಉಜ್ಜುತ್ತದೆ.

ಯಾರಿಗೆ ಯಾವ ಕಲ್ಲು?

ಅಂಗಡಿಗೆ ಹೋಗುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಅಡಿಕೆ ಸುಗ್ಗಿಯಲ್ಲಿ ಹೆಂಗಸರು ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಸಂಬಳ ಗಂಟೆಗಲ್ಲ, ಸುಲಿದ ಡಬ್ಬದ ಲೆಕ್ಕಕ್ಕೆ. ಕತ್ತಿ ಮೊಂಡಾದರೆ ಕೈ ಸೋಲುತ್ತದೆ, ಡಬ್ಬ ತುಂಬುವುದಿಲ್ಲ. ಆ ದಿನದ ಕೂಲಿಯಲ್ಲಿ ಅಷ್ಟು ಕಡಿತ. ಈಗ ಸುಲಿಯುವ ಯಂತ್ರ ಬಂದಿವೆ ನಿಜ. ಯಂತ್ರ ಬಾರದ ಅಂಗಳಗಳೂ ಇವೆ. ಅಲ್ಲಿ ಮೊದಲು ಬೇಕಾದದ್ದು ಮಧ್ಯಮ ಕಣದ ಕಲ್ಲು.

ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುವ ಹುಡುಗನಿಗೆ ಎರಡು ಕಲ್ಲು ಬೇಕು. ಒರಟು ಒಂದು, ನಯದ್ದು ಒಂದು. ಮಾಂಸದಂಗಡಿ, ಮೀನಂಗಡಿಯವರಿಗೂ ಅಷ್ಟೆ. ಮೂಳೆ ಕಡಿಯುವ ಕತ್ತಿಗೆ ಒರಟು, ಚರ್ಮ ಬಿಡಿಸುವ ಚಾಕುವಿಗೆ ನಯ. ಮನೆಯ ಈಳಿಗೆಮಣೆಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಲ್ಲು ಅನುಕೂಲ, ಏಕೆಂದರೆ ಅಲ್ಲಿ ಅಲಗು ನಿಂತಿರುತ್ತದೆ, ಕಲ್ಲು ಓಡಾಡಬೇಕು. ದರ್ಜಿಗಳ ಕತ್ತರಿಗೆ ನಯವಾದ ಕಲ್ಲೇ ಬೇಕು. ಎಳನೀರಿನವರಿಗೆ ಒರಟು ಮರಳುಗಲ್ಲು ಧಾರಾಳ ಸಾಕು. ಅವರಿಗೆ ನುಣ್ಣನೆಯ ಕಲ್ಲು ಮಾರುವವರು ಗಿರಾಕಿಯ ಕಸುಬು ಕೇಳದೆ ಮಾರಿದರು ಅಂತಲೇ ಅರ್ಥ.

ಕೊಳ್ಳುವಾಗ ಏಳು ಪರೀಕ್ಷೆ

ಇನ್ನು ಮುಖ್ಯ ಮಾತಿಗೆ ಬರೋಣ. ಕೈಯಲ್ಲೊಂದು ಕಬ್ಬಿಣದ ಮೊಳೆ, ಹಳೇ ಚಾಕು, ನೀರಿನ ಬಾಟಲಿ, ಅರ್ಧ ನಿಂಬೆಹಣ್ಣು ಇಟ್ಟುಕೊಂಡು ಹೋಗಿ. ನಗುವವರು ನಗಲಿ.

ಒಂದು, ಮೊಳೆ. ಕಲ್ಲಿನ ಮೂಲೆಯಲ್ಲಿ ಒತ್ತಿ ಗೀಚಿ. ಬಿಳಿ ಪುಡಿ ಎದ್ದು ಗೀರು ಆಳವಾಗಿ ಬಿದ್ದರೆ ಕಲ್ಲು ಮೆತ್ತಗೆ. ಗೀರಿನ ಜಾಗದಲ್ಲಿ ಪೆನ್ಸಿಲ್ಲಿನಂತೆ ಬೂದು ಗೆರೆ ಉಳಿದರೆ ಮೊಳೆಯೇ ಸವೆದಿದೆ ಎಂದು ತಿಳಿಯಿರಿ. ಅದು ಒಳ್ಳೆಯ ಲಕ್ಷಣ.

ಎರಡು, ನಿಂಬೆ. ಗೀಚಿದ ಪುಡಿಯ ಮೇಲೆ ರಸ ಬಿಡಿ. ಗುಳ್ಳೆ ಬಂದರೆ ಸುಣ್ಣದ ಕಲ್ಲು. ಹಿಂದಿರುಗಿ ನೋಡದೆ ಹೊರಡಿ.

ಮೂರು, ನೀರು. ಕಲ್ಲಿನ ಮುಖಕ್ಕೆ ನಾಲ್ಕು ಹನಿ ಹಾಕಿ. ಬಾಯಾರಿದವರಂತೆ ಹೀರಿದರೆ ಕಣಗಳ ನಡುವೆ ಬಿರುಕಿನ ಜಾಗ ಹೆಚ್ಚು, ಒರಟು ಕೆಲಸದ ಕಲ್ಲು, ಬೇಗ ಸವೆಯುತ್ತದೆ. ಹನಿ ಮಣಿಯಂತೆ ನಿಂತರೆ ಒತ್ತಾದ ನಯ ಕಲ್ಲು. ಎರಡರಲ್ಲಿ ಯಾವುದೂ ತಪ್ಪಲ್ಲ, ನಿಮ್ಮ ಕೆಲಸಕ್ಕೆ ಯಾವುದು ಎಂಬುದಷ್ಟೇ ಲೆಕ್ಕ.

ನಾಲ್ಕು, ಒಣಗುವಾಗ ನೋಡುವುದು. ಇದು ತಾಳ್ಮೆಯ ಪರೀಕ್ಷೆ, ಎಲ್ಲಕ್ಕಿಂತ ಉಪಕಾರಿ. ಕಲ್ಲನ್ನು ಪೂರಾ ನೆನೆಸಿ ಬಿಸಿಲಿಗೆ ಹಿಡಿಯಿರಿ. ಮುಖ ಒಣಗುತ್ತಾ ಬಂದಾಗ ಒಳಬಿರುಕು ಇದ್ದರೆ ಅಲ್ಲಿ ನೀರು ನಿಂತು ಕಪ್ಪು ಗೆರೆಯಾಗಿ ಕಾಣುತ್ತದೆ. ಒಣ ಕಲ್ಲಿನಲ್ಲಿ ಕಾಣದ ಬಿರುಕು ಒದ್ದೆಯಲ್ಲಿ ಬಾಯಿ ಬಿಡುತ್ತದೆ. ಅಂಥ ಕಲ್ಲು ಇಂದಲ್ಲ ನಾಳೆ ಎರಡಾಗುತ್ತದೆ. ಬಿಳಿ ಬೆಣಚಿನ ನರ ಅಡ್ಡ ಹಾದುಹೋಗಿದ್ದರೆ ಅದೂ ಒದ್ದೆಯಲ್ಲೇ ಎದ್ದು ಕಾಣುತ್ತದೆ. ಆ ನರಕ್ಕೆ ಅಲಗು ತಾಗಿದಾಗಲೆಲ್ಲ ಅಂಚು ಚೂರಾಗುತ್ತದೆ.

ಐದು, ಸದ್ದು. ಕಲ್ಲನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ನಾಣ್ಯದಿಂದ ತಟ್ಟಿ. ಠಣ್ ಎಂದರೆ ಮೈ ಗಟ್ಟಿ. ಒಡೆದ ಮಡಕೆಯಂತೆ ಬೊದ್ದು ಸದ್ದು ಬಂದರೆ ಒಳಗೆ ಬಿರುಕೋ ಪದರ ಬಿಟ್ಟದ್ದೋ ಇದೆ. ಮೆದು ಮರಳುಗಲ್ಲು ಸ್ವಭಾವದಿಂದಲೇ ಅಷ್ಟು ಠಣ್ ಎನ್ನದು, ಅದಕ್ಕೆ ನಾಲ್ಕನೇ ಪರೀಕ್ಷೆಯೇ ಗತಿ.

ಆರು, ಉಗುರು. ಹೆಬ್ಬೆರಳಿನ ಉಗುರನ್ನು ಕಲ್ಲಿನ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆಯಿರಿ. ಒಂದೇ ಸಮ ಸರಿದರೆ ಸರಿ. ನಡುವೆ ಎಲ್ಲಾದರೂ ಟಕ್ ಎಂದು ಸಿಕ್ಕಿಕೊಂಡರೆ ಅಲ್ಲಿ ದಪ್ಪ ಕಣ ಕೂತಿದೆ. ನೂರು ನಯ ಕಣಗಳು ಮಾಡಿದ ಕೆಲಸವನ್ನು ಆ ಒಂದು ದಪ್ಪ ಕಣ ಕೆಡಿಸುತ್ತದೆ. ನಮ್ಮ ಸಮಿತಿಗಳ ಹಾಗೆಯೇ ಅನ್ನಿ!

ಏಳು, ಹಳೇ ಚಾಕು. ಇದೇ ಕೊನೆಯ ಮಾತು. ಕಲ್ಲಿಗೆ ನೀರು ಹಾಕಿ ಚಾಕುವನ್ನು ಹತ್ತು ಹನ್ನೆರಡು ಸಲ ಎಳೆಯಿರಿ. ನೀರು ಕಪ್ಪಾಯಿತೇ? ಕಲ್ಲು ಉಕ್ಕನ್ನು ತಿನ್ನುತ್ತಿದೆ. ನೀರು ಬರೀ ಕಲ್ಲಿನ ಬಣ್ಣದ ಕೆಸರಾಯಿತೇ? ಕಲ್ಲು ತಾನೇ ಕರಗುತ್ತಿದೆ. ಎರಡೂ ಆಗದೆ ಅಲಗು ಗಾಜಿನ ಮೇಲೆ ಜಾರಿದಂತೆ ಜಾರಿತೇ? ಮುಖ ಮುಚ್ಚಿಹೋದ ಕಲ್ಲು, ಇಲ್ಲವೇ ತಿನ್ನದ ಕಲ್ಲು. ಅಂಗಡಿಯವರ ಬಾಯಿಮಾತು, ಡಬ್ಬಿಯ ಮೇಲಿನ ಬಣ್ಣದ ಚಿತ್ರ ಯಾವುದೂ ಈ ಕಪ್ಪು ನೀರಿಗೆ ಸಮನಲ್ಲ.

ಅಳತೆಯೂ ಮುಖ್ಯ. ಸುಮಾರು ಒಂದು ಗೇಣು ಉದ್ದ, ಎರಡಂಗುಲ ಅಗಲ, ಅಂಗುಲ ದಪ್ಪ ಇದ್ದರೆ ಮನೆಗೂ ಹೋಟೆಲಿಗೂ ಸಾಕು. ಮುಖ ಮಟ್ಟಸವಾಗಿರಲಿ. ಶಾಲಾ ಮಕ್ಕಳ ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ತಗ್ಗು ಎಲ್ಲಿದೆ ಎಂದು ಕಾಣುತ್ತದೆ. ಸ್ವಲ್ಪ ತಗ್ಗಿದ್ದರೆ ಮಟ್ಟ ಮಾಡಿಕೊಳ್ಳಬಹುದು. ಹೆಚ್ಚಿದ್ದರೆ ಬೇಡ.

ನಾನೂ ಟೋಪಿ ಹಾಕಿಸಿಕೊಂಡವನೇ

ಇಷ್ಟೆಲ್ಲ ಬರೆಯುವ ನಿಮ್ಮ ವರದಿಗಾರ ಹುಟ್ಟುವಾಗಲೇ ಜಾಣನಾಗಿದ್ದನೇ? ಇಲ್ಲ ಸ್ವಾಮಿ. ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯಲ್ಲಿ 'ನದೀ ತಳದ ಅಸಲಿ ಕಲ್ಲು' ಎಂದದ್ದನ್ನು ಚೌಕಾಸಿ ಮಾಡಿ ಗೆದ್ದವನಂತೆ ತಂದೆ. ರಾತ್ರಿ ಬಕೆಟ್ಟಿನ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಮೂಲೆಯೂ ಕರಗಿ ತಳದಲ್ಲಿ ಮರಳು! ಸಿಮೆಂಟಿಗೆ ಮರಳು ಕಲಸಿ ಅಚ್ಚಿಗೆ ಹಾಕಿದ ಇಟ್ಟಿಗೆ ಅದು. ನಮ್ಮಮ್ಮ ಅದನ್ನು ತುಳಸಿಕಟ್ಟೆಯ ಪಕ್ಕ ಬಾಗಿಲಿಗೆ ಅಡ್ಡ ಇಟ್ಟರು. ಈಗಲೂ ಅಲ್ಲೇ ಇದೆ, ನನ್ನನ್ನು ಅಣಕಿಸುತ್ತಾ.

ಅಚ್ಚಿನ ಕಲ್ಲನ್ನು ಗುರುತಿಸುವುದು ಕಷ್ಟವಲ್ಲ. ಹತ್ತು ಕಲ್ಲು ಇದ್ದರೆ ಹತ್ತೂ ಒಂದೇ ತೂಕ, ಒಂದೇ ಬಣ್ಣ, ಮೂಲೆ ಒಂದೇ ರೀತಿ ಗುಂಡಗೆ. ಪಕ್ಕದಲ್ಲಿ ಅಚ್ಚಿನ ಗೆರೆ. ಭೂತಗನ್ನಡಿ ಹಿಡಿದರೆ ಗಾಳಿಗುಳ್ಳೆಯ ದುಂಡನೆ ತೂತು. ಬೆಟ್ಟದ ಕಲ್ಲಿನಲ್ಲಿ ಗರಗಸದ ಗುರುತು ಇರುತ್ತದೆ, ಒಂದು ಮಗ್ಗುಲು ಒಡೆದಂತೆ ಇರುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ. ದೇವರು ಅಚ್ಚು ಹಾಕಿ ಕಲ್ಲು ಮಾಡಲಿಲ್ಲ.

ಕ್ಷೌರದಂಗಡಿಯ ಮೂಲೆಯಲ್ಲಿ

ನಯವಾದ ಕಲ್ಲು ಬೇಕಾದರೆ ಎಲ್ಲಿ ಹುಡುಕಬೇಕು? ಹಳೇ ಕ್ಷೌರದಂಗಡಿಯಲ್ಲಿ. ಒಂದು ಕಾಲಕ್ಕೆ ಕ್ಷೌರಿಕರ ಪೆಟ್ಟಿಗೆಯಲ್ಲಿ ಕತ್ತಿಗಿಂತ ಬೆಲೆಬಾಳುವುದು ಕಲ್ಲೇ. ಚರ್ಮದ ಪಟ್ಟಿಗೆ ಎಳೆಯುವ ಮೊದಲು ಆ ಕಲ್ಲಿನ ಮೇಲೆ ನಾಲ್ಕು ಸಲ. ಬಿಸಾಡುವ ಬ್ಲೇಡು ಬಂದ ಮೇಲೆ ಆ ಕತ್ತಿಯೂ ಹೋಯಿತು, ಕಲ್ಲೂ ಮೂಲೆ ಸೇರಿತು. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದು, ಆದ್ದರಿಂದ ಬ್ಲೇಡು ಬಂದದ್ದು ಒಳ್ಳೆಯದೇ ಆಯಿತು. ಆದರೆ ಕಲ್ಲಿನ ತಪ್ಪೇನು?

ನನಗೆ ಪರಿಚಯದ ಹಿರಿಯ ಕ್ಷೌರಿಕರೊಬ್ಬರು ಕನ್ನಡಿಯ ಕೆಳಗಿನ ಡ್ರಾಯರಿನಿಂದ ಬಟ್ಟೆ ಸುತ್ತಿದ ಕಲ್ಲು ತೆಗೆದು ತೋರಿಸಿದರು. ಅಂಗೈಯಷ್ಟು, ಬೂದು ಹಸಿರು, ಮಗುವಿನ ಕೆನ್ನೆಯಷ್ಟು ನಯ. ನಡುವೆ ಸವೆದು ದೋಣಿಯಂತಾಗಿದೆ. "ನಮ್ಮಪ್ಪಂದು. ಮೊನ್ನೆ ಯಾರೋ ಹಳೇ ಸಾಮಾನಿನವನು ಐವತ್ತು ರೂಪಾಯಿಗೆ ಕೇಳ್ದ. ಕೊಡ್ಲಿಲ್ಲ" ಎಂದರು. ಕೊಡದೆ ಇದ್ದದ್ದೇ ಸರಿ.

ಇಂಥ ಕಲ್ಲಿಗೆ ಹೊರದೇಶಗಳಲ್ಲಿ ಎಂಥ ಮರ್ಯಾದೆ ಗೊತ್ತೇ? ಬೆಲ್ಜಿಯಂ ದೇಶದ ಆರ್ಡೆನ್ಸ್ ಬೆಟ್ಟಗಳಲ್ಲಿ ಕೋಟಿಕ್ಯೂಲ್ ಎಂಬ ಹಳದಿ ಕಲ್ಲು ಸಿಗುತ್ತದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳು. ಅವೇ ಉಕ್ಕನ್ನು ತಿನ್ನುವ ಹಲ್ಲು. ಅಮೆರಿಕದ ಅರ್ಕನ್ಸಾ ರಾಜ್ಯದ ಬಿಳಿ ಕಲ್ಲು ಹೆಚ್ಚುಕಮ್ಮಿ ಪೂರಾ ಬೆಣಚಿನ ವಸ್ತುವೇ, ಕಣ ಮಾತ್ರ ಅತಿ ಸೂಕ್ಷ್ಮ. ಜಪಾನಿನ ಕ್ಯೋಟೋ ಸುತ್ತಿನ ಬೆಟ್ಟದ ಕಲ್ಲುಗಳನ್ನು ಅಲ್ಲಿನ ಬಡಗಿಗಳು, ಅಡುಗೆಯವರು, ಕತ್ತಿ ಹೊಳಪಿಡುವವರು ತಲೆತಲಾಂತರದಿಂದ ಬಳಸುತ್ತಾರೆ. ಇವೆಲ್ಲ ಈಗ ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆಗೆ ಬರುತ್ತವೆ, ಬೆಲೆ ಸಾವಿರಗಟ್ಟಲೆ. ತರಿಸುವವರು ತರಿಸಲಿ. ಆದರೆ ಮೊಬೈಲಿನ ಚಿತ್ರಕ್ಕೆ ನಿಂಬೆರಸ ಹಿಂಡಲಾಗುವುದಿಲ್ಲ, ಉಗುರು ಎಳೆಯಲಾಗುವುದಿಲ್ಲ. ಹಿಂದಿರುಗಿಸುವ ಅವಕಾಶ ಇಲ್ಲದ ಕಡೆ ಕಲ್ಲು ತರಿಸಬೇಡಿ.

ಮಸೆಯುವುದು ನಮ್ಮವರಿಗೆ ಹೊಸದೂ ಅಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲು ಗುಡ್ಡಗಳಿಗೆ ಹೋದರೆ ಬಂಡೆಗಳ ಮೇಲೆ ಉದ್ದನೆಯ ತೋಡುಗಳಿವೆ. ನಾಲ್ಕು ಸಾವಿರ ವರ್ಷದ ಹಿಂದೆ, ಕಬ್ಬಿಣವೇ ಕಾಣದ ಕಾಲದಲ್ಲಿ, ನಮ್ಮ ಹಿರಿಯರು ಕಲ್ಲಿನ ಕೊಡಲಿಯನ್ನು ಬಂಡೆಗೆ ಉಜ್ಜಿ ಉಜ್ಜಿ ಹರಿತ ಮಾಡಿದ ಗುರುತು ಅವು. ಹಾಗಂತ ಹಳೇ ಗುಡಿಯ ಮೆಟ್ಟಿಲಿಗೆ ಕುಡುಗೋಲು ಉಜ್ಜುವುದು, ಪುರಾತನ ಕಲ್ಲು ಒಡೆದು ತರುವುದು ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯ್ದೆಯಂತೆ ಅಪರಾಧ.

ಚಕ್ರಕ್ಕೆ ಕೊಟ್ಟರೆ ಆಗದೇ?

'ಇಷ್ಟೆಲ್ಲ ರಗಳೆ ಯಾಕೆ, ಸಾಣೆ ಹಿಡಿಯುವ ಚಕ್ರದವರಿಗೆ ಕೊಟ್ಟರಾಯಿತು' ಎನ್ನುವವರಿದ್ದಾರೆ. ಕಾಲಲ್ಲಿ ತುಳಿದು ಚಕ್ರ ತಿರುಗಿಸುವ ಹಿರಿಯರು ಹದ ಬಲ್ಲವರು. ನಿಧಾನ ತಿರುಗಿಸುತ್ತಾರೆ, ನೀರು ಅದ್ದುತ್ತಾರೆ. ಅವರಿಗೆ ಕೊಡಿ, ನಾಲ್ಕು ಕಾಸು ಹೆಚ್ಚೇ ಕೊಡಿ. ಆದರೆ ಮೋಟಾರು ಚಕ್ರಕ್ಕೆ ಒಣಗಿದ ಚಾಕು ಒತ್ತಿ ಕಿಡಿ ಹಾರಿಸುವುದು ಬೇರೆ ಮಾತು. ಕಿಡಿ ನೋಡಲು ಚೆನ್ನ. ಅಂಚಿಗೆ ನೀಲಿ ಬಣ್ಣ ಬಂತೋ, ಅಲ್ಲಿ ಬಿಸಿ ಸುಮಾರು 300 ಡಿಗ್ರಿ ಮುಟ್ಟಿದೆ, ಉಕ್ಕಿನ ಹದ ಕೆಟ್ಟಿದೆ. ಅಂದು ಸಂಜೆ ಹರಿತ, ನಾಲ್ಕು ದಿನಕ್ಕೆ ಮತ್ತೆ ಮೊಂಡು. ಪ್ರತಿ ಸಲ ಚಕ್ರ ಒಂದಿಷ್ಟು ಉಕ್ಕು ನುಂಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಎರಡಂಗುಲದ ಚಾಕು ಅಂಗುಲವಾಗುತ್ತದೆ. ಮನೆಯ ಕಲ್ಲಾದರೆ ಕೂದಲೆಳೆಯಷ್ಟು ಮಾತ್ರ ತೆಗೆಯುತ್ತದೆ.

ತಂದ ಕಲ್ಲನ್ನು ಬಳಸುವ ಕ್ರಮ

ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಬಾರದು. ನೀರು ಹಾಕಿ. ಅಲಗಿನ ಅಗಲವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ಒಂದು ಪಾಲಿನಷ್ಟು ಬೆನ್ನು ಎತ್ತಿ ಹಿಡಿಯಿರಿ. ಅದೇ ಸರಿಸುಮಾರು 20 ಡಿಗ್ರಿ. ಮಚ್ಚಿಗಾದರೆ ಇನ್ನೂ ಸ್ವಲ್ಪ ಎತ್ತಬೇಕು. ಒಂದೇ ಓರೆಯಲ್ಲಿ ಎಳೆಯುತ್ತಾ ಹೋಗಿ. ಆಚೆ ಬದಿಯ ಅಂಚಿನಲ್ಲಿ ಕೂದಲಿನಂಥ ಮಡಿಕೆ ಬೆರಳಿಗೆ ಸಿಕ್ಕಾಗ ಮಗ್ಗುಲು ಬದಲಿಸಿ. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯಬೇಡಿ, ಬೆನ್ನಿನ ಕಡೆಯಿಂದ ಹೊರಕ್ಕೆ ಸವರಿ ನೋಡಿ. ಕೊನೆಗೆ ನಯ ಕಲ್ಲಿನ ಮೇಲೆ ಹಗುರಾಗಿ ಆ ಮಡಿಕೆ ತೆಗೆಯಿರಿ. ಪರೀಕ್ಷೆಗೆ ಓದಿ ಮುಗಿಸಿದ ಈ ಪತ್ರಿಕೆಯ ಹಾಳೆಯೇ ಸಾಕು. ಕೈಯಲ್ಲಿ ಹಿಡಿದ ಹಾಳೆಯನ್ನು ಚಾಕು ಹರಿಯದೆ ಸೀಳಿದರೆ ಹರಿತ ಬಂತು.

ಅಡುಗೆ ಎಣ್ಣೆ ಹಾಕಬೇಡಿ. ಜಿಡ್ಡುಗಟ್ಟಿ ಕಲ್ಲಿನ ಕಣ್ಣು ಮುಚ್ಚುತ್ತದೆ. ಒಮ್ಮೆ ಎಣ್ಣೆ ಕುಡಿದ ಕಲ್ಲು ಮತ್ತೆ ನೀರಿಗೆ ಸರಿಯಾಗಿ ಒಗ್ಗುವುದಿಲ್ಲ. ಕೆಲಸ ಮುಗಿದ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಒಲೆಯ ಪಕ್ಕ ಇಡಬೇಡಿ. ನಡು ತಗ್ಗಾದರೆ ಗಟ್ಟಿ ಮಟ್ಟಸ ಹಾಸುಗಲ್ಲಿನ ಮೇಲೆ ಮರಳು, ನೀರು ಹಾಕಿ ಉಜ್ಜಿದರೆ ಸಮವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಒಣಗಿದ ಕಲ್ಲನ್ನು ಉಜ್ಜಿ ಧೂಳೆಬ್ಬಿಸಬೇಡಿ. ಬೆಣಚಿನ ಸೂಕ್ಷ್ಮ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಮಕ್ಕಳ ಸ್ಲೇಟಿಗೆ ಕಡ್ಡಿ ಕುಯ್ಯುತ್ತಿದ್ದ ಕಾರ್ಮಿಕರು ಇದೇ ಧೂಳಿಗೆ ಬಲಿಯಾದರು. ಮನೆಯಲ್ಲಿ ವಾರಕ್ಕೊಮ್ಮೆ ಚಾಕು ಮಸೆಯುವವರು ಹೆದರಬೇಕಿಲ್ಲ. ದಿನವಿಡೀ ಕಲ್ಲು ಕುಯ್ಯುವವರು, ಚಕ್ರ ತಿರುಗಿಸುವವರು ನೀರು ಬಿಡದೆ ಕೆಲಸ ಮಾಡಬಾರದು. ಒದ್ದೆ ಕಲ್ಲು ಚಾಕುವಿಗೂ ಒಳ್ಳೆಯದು, ಎದೆಗೂ ಒಳ್ಳೆಯದು.

ಅಂಗಡಿಯವರಲ್ಲಿ ಒಂದು ಅರಿಕೆ

ಕಬ್ಬಿಣದ ಸಾಮಾನಿನ ಅಂಗಡಿಯವರೇ, ಸಂತೆಯ ವ್ಯಾಪಾರಿಗಳೇ, ನಿಮ್ಮಲ್ಲೂ ಎಷ್ಟೋ ಜನ ಸಗಟು ವ್ಯಾಪಾರಿಗಳಿಂದ ಮೋಸ ಹೋದವರೇ ಇದ್ದೀರಿ. ಒಂದು ಕೆಲಸ ಮಾಡಿ. ಮಸೆಗಲ್ಲಿನ ಪಕ್ಕ ಒಂದು ಬೋಗುಣಿ ನೀರು, ಒಂದು ಹಳೇ ಚಾಕು ಇಡಿ. 'ಮಸೆದು ನೋಡಿ ಕೊಳ್ಳಿ' ಎಂದು ಒಂದು ಬೋರ್ಡು ಬರೆಯಿರಿ. ಗಿರಾಕಿ ಹತ್ತು ಸಲ ಎಳೆದರೆ ಕಲ್ಲು ಸವೆದುಹೋಗುವುದಿಲ್ಲ. ಸವೆದು ಹೋಗುವುದಾದರೆ ಅದು ಮಾರುವ ಕಲ್ಲಲ್ಲ.

ಕೊಳ್ಳುವವರೂ ಬಿಲ್ಲು ಕೇಳಿ. ಡಬ್ಬಿಯಲ್ಲಿ ಕಟ್ಟಿ ಮಾರುವ ಸಾಮಾನಿನ ಮೇಲೆ ತಯಾರಿಸಿದವರ ಅಥವಾ ತರಿಸಿದವರ ಹೆಸರು ವಿಳಾಸ, ಗರಿಷ್ಠ ಬೆಲೆ ಇರಬೇಕೆಂಬುದು 2011ರ ನಿಯಮ. ಸಿಮೆಂಟಿನ ಕಲ್ಲನ್ನು ಬೆಟ್ಟದ ಕಲ್ಲೆಂದು ಮಾರಿದರೆ ಗ್ರಾಹಕ ರಕ್ಷಣಾ ಕಾಯ್ದೆ, 2019ರಂತೆ ಅದು ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ನೂರೈವತ್ತು ರೂಪಾಯಿಗೆ ದೂರು ಕೊಡುವುದೇ ಎಂದು ನಾಚುವುದರಿಂದಲೇ ಈ ವ್ಯಾಪಾರ ನಡೆಯುತ್ತಿರುವುದು.

ಅಂದ ಹಾಗೆ ಎಳನೀರಿನ ಯಜಮಾನರ ಸುದ್ದಿ. ವಾರ ಕಳೆದು ಅದೇ ದಾರಿಯಲ್ಲಿ ಹೋದೆ. ಊರಿನ ಭಾವನ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಹಳೇ ಮರಳುಗಲ್ಲನ್ನು ತಂದಿದ್ದಾರೆ. ನೋಡಲು ಚೆನ್ನಾಗಿಲ್ಲ, ಒಂದು ಮೂಲೆ ಒಡೆದಿದೆ. ನಾಲ್ಕು ಹನಿ ನೀರು ಹಾಕಿ ಎಳೆದು ತೋರಿಸಿದರು. ನೀರು ಕಪ್ಪಾಯಿತು.

"ಕಾಸಿಲ್ದೆ ಸಿಕ್ತು ಸಾರ್!" ಎಂದು ನಕ್ಕು ಕಾಯಿ ಎತ್ತಿಕೊಂಡರು. ಒಂದೇ ಏಟು. ಒಂದು ತೊಟ್ಟೂ ಚೆಲ್ಲಲಿಲ್ಲ. ಹೆಬ್ಬೆರಳಿನ ಬಟ್ಟೆ ಮಾತ್ರ ಇನ್ನೂ ಬಿಚ್ಚಿರಲಿಲ್ಲ.